ರೈಲು, ಕಾಲುವೆ, ಗುಳೆ: ರಾಯಚೂರು ಸೀಮೆಯ ಇಪ್ಪತ್ತನೆಯ ಶತಮಾನ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ತೀರಿಹೋದ ಹಿರಿಯರ ಹೆಸರಿನಲ್ಲಿ ಒಂದಿಷ್ಟು ರೊಕ್ಕ ತೆಗೆದಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಊರಿನ ಜನರನ್ನು ಕೂಡಿಸಿ ನಾಲ್ಕು ಮಾತು ಆಡಿಸುವುದು ನಮ್ಮಲ್ಲಿ ಉಳಿದುಬಂದಿರುವ ಒಳ್ಳೆಯ ರೂಢಿ. ಹಿರಿಯರ ನೆನಪಿನ ಸಭೆಯಲ್ಲಿ ಹಿರಿಯರು ಬದುಕಿದ ಕಾಲದ ಬಗ್ಗೆಯೇ ಮಾತಾಡುವುದು ಸರಿ ಎನಿಸಿ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಯಾರ ಇತಿಹಾಸ?

ರಾಯಚೂರಿನ ಇತಿಹಾಸ ಹೇಳು ಎಂದರೆ ನಮ್ಮ ಮಕ್ಕಳು ಮೂರು ಸಂಗತಿ ಹೇಳುತ್ತಾರೆ: 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನ, ಕೋಟೆಯ ಗೋಡೆಯಲ್ಲಿರುವ 1294ರ ಉದ್ದನೆಯ ಶಾಸನದ ಕಲ್ಲು, 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲ್‌ಶಾಹಿಗೂ ನಡೆದ ಯುದ್ಧ. ಮೂರೂ ದೊಡ್ಡವೇ. ಆದರೆ ಅದೇ ಕೋಟೆಯ ಆಸುಪಾಸಿನಲ್ಲಿ 1920ರಲ್ಲಿ, 1950ರಲ್ಲಿ, 1972ರಲ್ಲಿ ಬದುಕಿದವರು ಏನು ಉಂಡರು, ಯಾವ ಬಾವಿಯ ನೀರು ಕುಡಿದರು, ಕೂಲಿಯನ್ನು ಕಾಳಿನಲ್ಲಿ ತಂದರೋ ರೊಕ್ಕದಲ್ಲಿ ತಂದರೋ, ಮಗಳನ್ನು ಶಾಲೆಗೆ ಕಳಿಸಿದರೋ ಹೊಲಕ್ಕೆ ಕಳಿಸಿದರೋ ಎಂದು ಕೇಳಿದರೆ ಉತ್ತರ ಕೊಡುವ ಪುಸ್ತಕಗಳು ತೀರ ಕಡಿಮೆ. ಇದನ್ನು ಬಲ್ಲವರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ. ನಾವು ಹೋಗಿ ಕೇಳಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು. ಇಪ್ಪತ್ತನೆಯ ಶತಮಾನ ನಮ್ಮ ಸೀಮೆಗೆ ಒಂದೇ ದಾರಿಯಲ್ಲಿ ಬರಲಿಲ್ಲ. ರಾಯಚೂರು ಶಹರಕ್ಕೆ ಅದು ರೈಲಿನಲ್ಲಿ ಬಂತು. ಮಾನ್ವಿಗೆ ಕಾಲುವೆಯಲ್ಲಿ ಬಂತು. ದೇವದುರ್ಗದವರು ಅದನ್ನು ಹುಡುಕಿಕೊಂಡು ತಾವೇ ಗುಳೆ ಹೋಗಬೇಕಾಯಿತು. ಈ ಊರುಗಳ ನಡುವಿನ ದೂರ ಬಸ್ಸಿನಲ್ಲಿ ಒಂದೆರಡು ತಾಸು. ಬದುಕಿನಲ್ಲಿ ಆ ದೂರ ಅರ್ಧ ಶತಮಾನಕ್ಕೂ ಹೆಚ್ಚು. ಈ ಅಂತರ ಹೇಗೆ ಹುಟ್ಟಿತು, ಅದರ ಭಾರವನ್ನು ಹೊತ್ತವರು ಯಾರು ಎಂಬುದೇ ನನ್ನ ದೃಷ್ಟಿಯಲ್ಲಿ ಈ ಜಿಲ್ಲೆಯ ನಿಜವಾದ ಸಾಮಾಜಿಕ ಇತಿಹಾಸ.

ನಿಜಾಮರ ಸೀಮೆಯ ದಿನಮಾನ

1853ರ ಒಪ್ಪಂದದಲ್ಲಿ ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಬ್ರಿಟಿಷರ ಕೈಗೆ ಹೋಗಿ, 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆ ರದ್ದಾಗಿ ಅದರ ಹಲವು ತಾಲೂಕುಗಳು ರಾಯಚೂರಿಗೆ ಸೇರಿದವು. ಹೀಗೆ ಹೊಸ ಶತಮಾನದ ಆರಂಭದಲ್ಲಿ ಈ ಜಿಲ್ಲೆಗೆ ನಮ್ಮ ಅಜ್ಜಂದಿರು ಕಂಡ ಆಕಾರ ಬಂತು.

ಆಗ ಜನರಾಡುವ ಮಾತು ಕನ್ನಡ, ಗಡಿಯತ್ತ ತೆಲುಗು. ಕಚೇರಿಯ ಬರಹ ಉರ್ದು. ಹೊಲದ ಲೆಕ್ಕ ಫಸಲಿ ವರ್ಷದಲ್ಲಿ. ಜಿಲ್ಲೆಯ ದೊಡ್ಡ ಅಧಿಕಾರಿ ಅವ್ವಲ್ ತಾಲೂಕ್‌ದಾರ. ಊರಿನಲ್ಲಿ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ತನ್ನ ಹೊಲದ ಕಾಗದವನ್ನು ತಾನೇ ಓದಲು ಬಾರದ ರೈತ ಪಟವಾರಿಯ ಬಾಯನ್ನೇ ನಂಬಿ ಬದುಕಬೇಕಿತ್ತು. ಇಂಥ ಕಡೆ ಅಕ್ಷರ ಯಾರ ಕೈಯಲ್ಲಿತ್ತೋ ಭೂಮಿಯೂ ಅವರ ಕೈಯತ್ತಲೇ ಸರಿಯಿತು.

ನಾಣ್ಯವೂ ಬೇರೆ. ಸಂತೆಯಲ್ಲಿ ನಡೆಯುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕಾ. ತುಂಗಭದ್ರೆ ದಾಟಿ ಮದ್ರಾಸ್ ಪ್ರಾಂತದ ಆದೋನಿಗೆ ಹತ್ತಿ ಮಾರಲು ಹೋದವನು ಬ್ರಿಟಿಷರ ಕಲ್ದಾರ್ ರೂಪಾಯಿ ತರುತ್ತಿದ್ದ. ವಿಲೀನದ ಬಳಿಕ ಏಳು ಹಾಲಿ ರೂಪಾಯಿಗೆ ಆರು ಭಾರತ ಸರ್ಕಾರದ ರೂಪಾಯಿ ಎಂದು ದರ ಗೊತ್ತುಮಾಡಲಾಯಿತು.

ಹೆಚ್ಚಿನ ಜನರಿಗೆ ನಾಣ್ಯದ ಗೊಡವೆಯೇ ಇರಲಿಲ್ಲ. ಬಡಿಗ, ಕಮ್ಮಾರ, ಅಗಸ, ಹಡಪದ, ಚರ್ಮದ ಮಿಣಿ ಮತ್ತು ಕೆರವು ಮಾಡಿಕೊಡುವ ಮಾದಿಗರು ಎಲ್ಲರೂ ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಪಡೆಯಬೇಕು. ರಾಶಿಯ ಮುಂದೆ ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಎಷ್ಟು ಸೇರು, ಯಾರಿಗೆ ಮೇಲಿನ ಕಾಳು, ಯಾರಿಗೆ ಮಣ್ಣು ಬೆರೆತ ಅಡಿಗಾಳು ಎಂಬುದನ್ನು ಜಾತಿಯೇ ಗೊತ್ತುಮಾಡಿತ್ತು. ಅಧಿಕಾರಿ ಊರಿಗೆ ಬಂದರೆ ಬಿಟ್ಟಿ ಚಾಕರಿ. ಸಾಲ ತೀರದಿದ್ದರೆ ಜೀತ. ಆಯಗಾರಿಕೆಯನ್ನು ಊರೊಟ್ಟಿನ ಸಹಬಾಳ್ವೆ ಎಂದು ಹಾಡಿ ಹೊಗಳುವವರು ಅಡಿಗಾಳು ಪಡೆದವರ ಮನೆಯ ನೆನಪನ್ನೂ ಕೇಳಬೇಕು.

ಸಭೆ ಕೂಡಲು ಆಗ ಅಪ್ಪಣೆ ಬೇಕಿತ್ತು. 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯನ್ನು ಹಳಬರು ಕೊನೆಯವರೆಗೂ ಮರೆಯಲಿಲ್ಲ. ಇಂಥ ಕಾಲದಲ್ಲಿ ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ಕಟ್ಟಿದರು. ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯ ಕಲಿತು, ಹಿಂದೂ ಮುಸ್ಲಿಂ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂಡಿಸಿ ಕಲಿಸಿದ ಮನುಷ್ಯ ಅವರು. ನಿಜಾಮರ ಸೀಮೆಯನ್ನು ಬಿಡಬೇಕಾಗಿ ಬಂದಾಗ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಮಾಡಿದರು. ಗಜಲನ್ನು ಕನ್ನಡದಲ್ಲಿ ಬೆಳೆಸಿ, 2006ರಲ್ಲಿ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಶಾಂತರಸರು ಮುಂದೆ ಇದೇ ಹಮ್ದರ್ದ್ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಉರ್ದು ಆಡಳಿತದ ನಡುವೆ ಸಾವಿರಾರು ಜನ ಒಂದೆಡೆ ಕೂತು ಕನ್ನಡ ಕೇಳುವುದು ಸಾಹಿತ್ಯದ ಸಂಭ್ರಮವಷ್ಟೇ ಆಗಿರಲಿಲ್ಲ, ರಾಜಕೀಯದ ಧೈರ್ಯವೂ ಆಗಿತ್ತು. ಮುಂದೆ 2016ರಲ್ಲೂ ರಾಯಚೂರಿನಲ್ಲಿ ಸಮ್ಮೇಳನ ನಡೆಯಿತು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ನಿಜಾಮರ ಪರವಾದ ಸಶಸ್ತ್ರ ಪಡೆ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಹೊಳೆ ದಾಟಿ ಬಳ್ಳಾರಿ, ಗದಗಿನ ಕಡೆ ಹೋದವು. ವಿಲೀನದ ಬಳಿಕ ಸಂಸ್ಥಾನದ ಹಲವು ಕಡೆ ನಿರಪರಾಧಿ ಮುಸ್ಲಿಂ ಕುಟುಂಬಗಳು ಪ್ರತಿಹಿಂಸೆಗೆ ತುತ್ತಾದವು. ಎರಡೂ ನಮ್ಮದೇ ಇತಿಹಾಸ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರು ಅರ್ಧ ಸತ್ಯ ಹೇಳುತ್ತಾರೆ. ಅದೇ ಊರುಗಳಲ್ಲಿ ಮೊಹರಂ ಬಂದರೆ ಹಿಂದೂಗಳು ಅಲಾಯಿ ದೇವರಿಗೆ ಸಕ್ಕರೆ ಓದಿಸುವುದು, ರಿವಾಯತ್ ಪದ ಹಾಡುವುದು, ಹೆಜ್ಜೆ ಹಾಕುವುದು ಇವತ್ತಿಗೂ ನಿಂತಿಲ್ಲ ಎಂಬುದನ್ನೂ ಕೂಡಿಸಿಯೇ ಬರೆಯಬೇಕು.

1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರ ಕಾಯಿದೆ ಬಂತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಗದ್ವಾಲ್ ಮತ್ತು ಆಲಂಪುರ ಆಂಧ್ರಕ್ಕೆ ಹೋದವು. ಒಂದೇ ಜೀವಮಾನದಲ್ಲಿ ಜನರಿಗೆ ಸರ್ಕಾರ ಬದಲಾಯಿತು, ನಾಣ್ಯ ಬದಲಾಯಿತು, ಕಚೇರಿಯ ಲಿಪಿ ಬದಲಾಯಿತು. ಉರ್ದು ಮಾಧ್ಯಮದಲ್ಲಿ ಓದಿದ ಹುಡುಗ ದೊಡ್ಡವನಾದ ಮೇಲೆ ಕನ್ನಡದ ಕಡತ ಬರೆಯಲು ಕಲಿಯಬೇಕಾಯಿತು. ಭೂಮಿಯ ಒಡೆತನ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ.

ರಾಯಚೂರು: ರೈಲು ಕಟ್ಟಿದ ಶಹರ

1871ರಲ್ಲಿ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ ರಾಯಚೂರಿನಲ್ಲಿ ಕೂಡಿದವು. ದೇಶದ ಎರಡು ದೊಡ್ಡ ಬಂದರುಗಳು ಒಂದಾದದ್ದು ನಮ್ಮ ಊರಿನಲ್ಲಿ. ರೈಲು ನಮಗಾಗಿ ಬಂದದ್ದಲ್ಲ, ನಮ್ಮ ಊರು ಅದರ ದಾರಿಯಲ್ಲಿತ್ತು. ಆದರೂ ಊರು ಅದನ್ನು ತನ್ನದಾಗಿ ಮಾಡಿಕೊಂಡಿತು.

ಕೋಟೆಯ ಒಳಗೆ ಹೊರಗೆ ಎಂದು ಇದ್ದ ಊರು ಸ್ಟೇಷನ್ನಿನ ಕಡೆ ಕೈ ಚಾಚಿತು. ದೋಆಬಿನ ಎರೆಭೂಮಿಯ ಹತ್ತಿ ಇಲ್ಲಿ ಬಂದು ಬೀಳತೊಡಗಿದಾಗ ಜಿನ್ನಿಂಗ್ ಕಾರ್ಖಾನೆಗಳೂ ಶೇಂಗಾ ಎಣ್ಣೆ ಗಿರಣಿಗಳೂ ಎದ್ದವು, ಗಂಜ್ ಬೆಳೆಯಿತು. ಮಾರವಾಡಿ, ಗುಜರಾತಿ ವ್ಯಾಪಾರಿಗಳು ಬಂದರು. ಶಹರದ ನಡುವಿನ ತೀನ್ ಕಂದಿಲ್‌ನಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಕಿವಿಗೆ ಬೀಳುತ್ತಿದ್ದವು. 1901ರಲ್ಲಿ ಸುಮಾರು 22 ಸಾವಿರ ಜನರಿದ್ದ ಊರು 2011ರ ಜನಗಣತಿಯಲ್ಲಿ 2 ಲಕ್ಷ 34 ಸಾವಿರ ಮುಟ್ಟಿತು.

ಇದರ ಒಳಗೆ ನಡೆದ ಬದಲಾವಣೆ ಇನ್ನೂ ದೊಡ್ಡದು. ಗಂಜಿನ ಹಮಾಲನಿಗೆ, ಜಿನ್ನಿನಲ್ಲಿ ಹತ್ತಿ ಆರಿಸುವ ಹೆಣ್ಣುಮಗಳಿಗೆ ಕೂಲಿ ರೊಕ್ಕದಲ್ಲಿ ಸಿಕ್ಕಿತು. ಕಣದ ಮುಂದೆ ಸೆರಗೊಡ್ಡಿ ನಿಲ್ಲುವುದಕ್ಕೂ ವಾರದ ಬಟವಾಡೆಗೆ ಸಾಲಿನಲ್ಲಿ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ರೊಕ್ಕ ಕಡಿಮೆಯೇ, ದುಡಿತ ಕಠಿಣವೇ. ಆದರೆ ಆ ರೊಕ್ಕವನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ದುಡಿದವರ ಕೈಯಲ್ಲಿತ್ತು. ಹಳ್ಳಿಯಿಂದ ಬಂದ ದಲಿತ ಹುಡುಗರಿಗೆ ಶಹರದ ಹಾಸ್ಟೆಲ್ಲು ಓದಿನ ಬಾಗಿಲು ತೆರೆಯಿತು. ದಲಿತ ಸಂಘರ್ಷ ಸಮಿತಿಯ ಮಾತು ಈ ಜಿಲ್ಲೆಯ ಹಳ್ಳಿಗಳಿಗೆ ಹೋದದ್ದೂ ಇಂಥ ಹುಡುಗರ ಜೊತೆಗೇ.

ನಿಜಾಮರ ಕಾಲದಲ್ಲಿ ದೇವಸುಗೂರಿನ ಹತ್ತಿರ ಕೃಷ್ಣೆಗೆ ಕಟ್ಟಿದ ಕಮಾನಿನ ಸೇತುವೆಯಿಂದ ಹೈದರಾಬಾದಿನ ರಸ್ತೆ ತೆರೆಯಿತು. 1985ರಲ್ಲಿ ಅದೇ ದಂಡೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಕೆಲಸ ಶುರುಮಾಡಿತು. ಎಂಟು ಘಟಕಗಳಾಗಿ ಬೆಳೆದು 1720 ಮೆಗಾವಾಟ್ ಸಾಮರ್ಥ್ಯದ ಈ ಕೇಂದ್ರ ಎಷ್ಟೋ ವರ್ಷ ಇಡೀ ರಾಜ್ಯದ ದೀಪಕ್ಕೆ ಎಣ್ಣೆಯಾಯಿತು. ಸುತ್ತಲಿನ ಹಳ್ಳಿಗಳ ಪಾಲಿಗೆ ಬಂದದ್ದು ಹಾರುಬೂದಿ. ಕರ್ನಾಟಕ ರಾಯಚೂರಿನಿಂದ ಏನು ಪಡೆಯಿತು ಎಂಬ ಲೆಕ್ಕವನ್ನು ಯಾರಾದರೂ ಬರೆಯುವುದಾದರೆ ಇಲ್ಲಿಂದ ಶುರುಮಾಡಬಹುದು.

ಮಾನ್ವಿ: ಕಾಲುವೆ ಬಂದ ಮೇಲೆ

ಮಾನ್ವಿ ತಾಲೂಕು ಕನ್ನಡ ಸಾಹಿತ್ಯ ಬಲ್ಲವರಿಗೆ ದಾಸರ ಸೀಮೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಇಲ್ಲಿಯವು. ಶತಮಾನದ ಮೊದಲರ್ಧದಲ್ಲಿ ಇದು ಮಳೆಯನ್ನೇ ನಂಬಿದ ಎರೆಸೀಮೆ. ಮುಂಗಾರಿಗೆ ಸಜ್ಜೆ, ನವಣೆ, ಹಿಂಗಾರಿಗೆ ಬಿಳಿಜೋಳ, ನಡುವೆ ಹತ್ತಿ. ಸುಗ್ಗಿಯ ಜೋಳವನ್ನು ಹಗೇವಿಗೆ ತುಂಬಿ ಮಣ್ಣು ಮುಚ್ಚಿದರೆ ಮುಂದಿನ ವರ್ಷದ ಬರಕ್ಕೆ ಅದೇ ಆಸರೆ. ಅನ್ನ ಹಬ್ಬದ ಊಟ. ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ ನಿತ್ಯದ ಊಟ.

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿಯಲ್ಲಿ ಹೊಳೆಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಮದ್ರಾಸ್. 1953ರಲ್ಲಿ ನೀರು ಬಿಟ್ಟರು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿ ಮತ್ತು ರಾಯಚೂರಿಗೆ ಬರಬೇಕು. ಸುಮಾರು 6 ಲಕ್ಷ ಎಕರೆಗೆ ನೀರು ಹಂಚುವುದು ಗುರಿ. ಬರ ತಡೆಯುವುದಕ್ಕಾಗಿ ಮಾಡಿದ ಕಾಲುವೆ ಇದು. ಹೆಚ್ಚು ಹೊಲಗಳಿಗೆ ತುಸು ತುಸು ನೀರು ಕೊಟ್ಟು ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸುವುದು, ಭತ್ತವನ್ನು ಸ್ವಲ್ಪ ಜಾಗಕ್ಕೆ ಮಾತ್ರ ಸೀಮಿತಗೊಳಿಸುವುದು ಯೋಜನೆಯ ಮೂಲ ಲೆಕ್ಕ.

ಲೆಕ್ಕ ಕಾಗದದಲ್ಲೇ ಉಳಿಯಿತು. ಮೊದಲ ವರ್ಷಗಳಲ್ಲಿ ನಮ್ಮ ರೈತರಿಗೆ ಎರೆಭೂಮಿಗೆ ನೀರು ಹಾಯಿಸುವ ಅಭ್ಯಾಸವಿರಲಿಲ್ಲ. ಮಟ್ಟ ಮಾಡಲು, ಬದು ಕಟ್ಟಲು ರೊಕ್ಕವೂ ಇರಲಿಲ್ಲ. ಅದೇ ಹೊತ್ತಿಗೆ ಕರಾವಳಿ ಆಂಧ್ರದ ಗೋದಾವರಿ, ಕೃಷ್ಣಾ, ಗುಂಟೂರು ಕಡೆಯ ರೈತರು ಬಂದರು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಕಾಲುವೆಯ ಅಂಚಿನಲ್ಲಿ 'ಕ್ಯಾಂಪ್' ಎಂಬ ಹೊಸ ಊರುಗಳು ಎದ್ದವು. ಅವರು ದುಡಿದರು, ಭತ್ತದ ಬೇಸಾಯ ಕಲಿಸಿದರು, ಅಕ್ಕಿ ಗಿರಣಿ ಹಾಕಿದರು. ಅವರ ಶ್ರಮವನ್ನು ಅಲ್ಲಗಳೆಯುವುದು ತಪ್ಪು. ಕಾಲುವೆ ಬಂದರೆ ಏರುವ ಬೆಲೆ ತಿಳಿಯದೆ ಹೊಲ ಮಾರಿದ ಸಣ್ಣ ರೈತನ ಮಕ್ಕಳು ಅದೇ ಹೊಲದಲ್ಲಿ ನಾಟಿ ಹಚ್ಚುವ ಕೂಲಿಗಳಾದರು ಎಂಬುದನ್ನು ಮರೆಯುವುದೂ ಅಷ್ಟೇ ತಪ್ಪು.

ಮೇಲ್ಭಾಗದವರು ಭತ್ತ ಹಚ್ಚಿದಾಗ ಕೆಳಭಾಗಕ್ಕೆ ನೀರು ಸೊರಗಿತು. ಮಾನ್ವಿ, ಸಿರವಾರದ ರೈತರಿಗೆ ಕಾಲುವೆಯ ಮೈಲ್ 104ರ ನೀರಿನ ಗೇಜ್ ಮನೆಮಾತು. ಅಲ್ಲಿ ಎಷ್ಟು ಅಡಿ ನೀರಿದೆ ಎಂಬುದರ ಮೇಲೆ ಅವರ ಬೆಳೆ, ಮಗಳ ಮದುವೆ, ಸಾಲದ ಕಂತು ಎಲ್ಲವೂ ನಿಂತಿವೆ. ಕಾಲುವೆಯ ಕೊನೆಯ ಭಾಗದವರು ಧರಣಿ ಕೂರದ, ರಸ್ತೆ ತಡೆಯದ ವರ್ಷಗಳು ಕಡಿಮೆ. ಈ ಎಡದಂಡೆ ಕಾಲುವೆಯ ನೀರಿನ ಹಂಚಿಕೆಯನ್ನು ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ವರ್ಷಗಟ್ಟಲೆ ಅಭ್ಯಾಸ ಮಾಡಿ ಪುಸ್ತಕ ಬರೆದರು. ನಮ್ಮ ತೂಬಿನ ಜಗಳ ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಪಾಠವಾಯಿತು. ನಮ್ಮ ಕಾಲೇಜುಗಳಲ್ಲಿ ಇನ್ನೂ ಆಗಿಲ್ಲ. ಈ ನಡುವೆ ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿಯಷ್ಟಿದ್ದ ಸಂಗ್ರಹ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. ಹೂಳಿನ ಬಾಧೆ ಮೊದಲು ತಟ್ಟುವುದು ಕೆಳಭಾಗಕ್ಕೇ.

ಊಟ ಬದಲಾಯಿತು. ಮಸೂರಿ ಅಕ್ಕಿಯ ಅನ್ನ ಮನೆಮನೆಯ ನಿತ್ಯದ ಊಟವಾಯಿತು. ಹಗೇವುಗಳು ಮುಚ್ಚಿಹೋದವು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್, ಕಣದ ಜಾಗಕ್ಕೆ ಯಂತ್ರ ಬಂತು, ಹಂತಿ ಪದ ನಿಂತಿತು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಡಿಕ್ಲರೇಷನ್ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಂತು ಹೊಲ ಗೆದ್ದ ಗೇಣಿದಾರರು ಇಲ್ಲಿದ್ದಾರೆ. ಅರ್ಜಿ ಬರೆದುಕೊಡುವವರು ಸಿಗದೆ, ಒಡೆಯನ ಎದುರು ನಿಲ್ಲುವ ಎದೆ ಸಾಲದೆ ಸುಮ್ಮನಾದವರೂ ಇದ್ದಾರೆ. ಕಾಯಿದೆ ಇಬ್ಬರಿಗೂ ಒಂದೇ ಆಗಿತ್ತು. ಅದನ್ನು ಬಳಸುವ ಬಲ ಒಂದೇ ಆಗಿರಲಿಲ್ಲ.

ದೇವದುರ್ಗ: ಗುಳೆ ಹೋದವರ ತಾಲೂಕು

ದೇವದುರ್ಗದ ಅಂಚಿನಲ್ಲೇ ಕೃಷ್ಣೆ ಹರಿಯುತ್ತಾಳೆ. ಗಬ್ಬೂರಿನ ಗುಡಿಗಳೂ ಶಾಸನಗಳೂ ಒಂದು ಕಾಲದ ಸಿರಿವಂತಿಕೆ ಹೇಳುತ್ತವೆ. ಗೋಪಾಲದಾಸರ ಮೊಸರಕಲ್ಲು ಇಲ್ಲಿದೆ. ಇಂಥ ತಾಲೂಕಿಗೆ ರೈಲು ಇವತ್ತಿಗೂ ಬಂದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಬಲದಂಡೆ ಕಾಲುವೆಯ ನೀರು ಈ ಹೊಲಗಳತ್ತ ಬರುವ ಹೊತ್ತಿಗೆ ಶತಮಾನವೇ ಮುಗಿಯುತ್ತ ಬಂದಿತ್ತು. ಮಾನ್ವಿ ಕಾಲುವೆಯ ನೀರಿಗೆ ಜಗಳಾಡುತ್ತಿದ್ದ ಅಷ್ಟೂ ದಶಕ ದೇವದುರ್ಗ ಮುಗಿಲು ನೋಡುತ್ತಿತ್ತು. ಮಳೆ ತಡವಾದರೆ ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುತ್ತಿದ್ದರು.

1972ರ ಬರವನ್ನು ಕಂಡವರು ಈ ಸಭೆಯಲ್ಲೂ ಇರಬಹುದು. ಪರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಮಣ್ಣು ಹೊತ್ತ ದಿನಗಳು. ಆ ಬಳಿಕ ಗುಳೆ ಎನ್ನುವುದು ಬರದ ವರ್ಷಕ್ಕಷ್ಟೇ ಸೇರಿದ್ದಾಗಿ ಉಳಿಯಲಿಲ್ಲ. ಹಿಂಗಾರಿನ ರಾಶಿ ಮುಗಿದರೆ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮೇಸ್ತ್ರಿ ಕೊಟ್ಟ ಮುಂಗಡ ಹಿಡಿದು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿಗೆ ಹೊರಡುವುದು ವರ್ಷದ ಕ್ರಮವಾಯಿತು. ಅಲ್ಲಿ ತಗಡಿನ ಶೆಡ್ಡು, ಗಾರೆ ಕೆಲಸ. ಹೆತ್ತವರ ಜೊತೆ ಹೋದ ಮಗುವಿನ ಶಾಲೆ ಅಲ್ಲಿಗೆ ನಿಂತಿತು. ಯುಗಾದಿಗೋ ಮೊಹರಂಗೋ ಊರಿಗೆ ಬಂದಾಗ ಹೊಸ ಬಟ್ಟೆ, ಮಂದಿಯ ಸಾಲಕ್ಕೆ ಒಂದಿಷ್ಟು ಕಂತು, ಮೈಯಲ್ಲಿ ಸಿಮೆಂಟಿನ ಕೆಮ್ಮು.

ಬೆಂಗಳೂರಿನ ಎತ್ತರದ ಕಟ್ಟಡಗಳನ್ನು ಕಟ್ಟಿದವರಲ್ಲಿ ನಮ್ಮವರು ಬಹಳ. ಆ ಊರಿನ ಇತಿಹಾಸದಲ್ಲಿ ಅವರ ಹೆಸರಿಲ್ಲ, ನಮ್ಮ ಊರಿನ ಇತಿಹಾಸದಲ್ಲೂ ಇಲ್ಲ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದಲ್ಲಿ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಕಲಬುರಗಿ ವಿಭಾಗದವು, ದೇವದುರ್ಗ ಅವುಗಳಲ್ಲೊಂದು. ಆ ವರದಿಗೆ ನಾವು ಋಣಿಗಳು. ಸಂವಿಧಾನದ 371 ಜೆ ಕಲಮಿನವರೆಗೆ ನಡೆದ ಹೋರಾಟಕ್ಕೆ ಅದು ಬಲ ಕೊಟ್ಟಿತು. ಆದರೆ 'ಹಿಂದುಳಿದ' ಎಂಬ ಹಣೆಪಟ್ಟಿ ಜನರ ಮೇಲೆ ಕೂರಬಾರದು. ಮುಂದೆ ಹೋದ ಊರುಗಳನ್ನು ಕಟ್ಟಿಕೊಟ್ಟವರು ಹಿಂದುಳಿದವರಲ್ಲ, ಅವರ ಪಾಲು ಹಿಂದೆ ಉಳಿದಿದೆ.

ಇದೇ ಹಿಂದುಳಿದ ಹಳ್ಳಿಗಳು ಒಮ್ಮೆ ಇಡೀ ಕರ್ನಾಟಕಕ್ಕಿಂತ ಮುಂದಿದ್ದವು. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ನೆರವಿನಿಂದ ಭಾರತ ಸರ್ಕಾರ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಎಂದು ಹೆಸರಾದ ಆ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದುಕೊಂಡದ್ದು ರಾಯಚೂರು, ಕಲಬುರಗಿ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ ನಮ್ಮ ಹಳ್ಳಿಯ ಜನ ಶಾಲೆಯ ಅಂಗಳದಲ್ಲಿ ಕೂಡಿ ಕನ್ನಡದ ಟಿವಿ ಕಂಡರು. ವರ್ಷ ತುಂಬಿದ ಮೇಲೆ ಉಪಗ್ರಹ ಹೋಯಿತು. ಪ್ರಯೋಗ ಮಾಡಿದವರು ವರದಿ ಬರೆದರು. ಕೂತು ನೋಡಿದವರಿಗೆ ಏನನಿಸಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸ ನಮ್ಮದು.

ಅವ್ವಂದಿರ ಶತಮಾನ

ರೈಲು, ಕಾಲುವೆ, ಗುಳೆ ಮೂರಕ್ಕೂ ಒಳಗಿನಿಂದ ನಡೆದ ಇನ್ನೊಂದು ಇತಿಹಾಸವಿದೆ. ನಸುಕಿಗೂ ಮುಂಚೆ ಎದ್ದು ಮನೆಮಂದಿಯ ರೊಟ್ಟಿಗೆ ಬೇಕಾದಷ್ಟು ಜೋಳ ಬೀಸುವುದು, ಆಮೇಲೆ ಬಾವಿಗೆ, ಆಮೇಲೆ ಹೊಲಕ್ಕೆ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಹೆಣ್ಣುಮಕ್ಕಳ ದಿನಕ್ಕೆ ಎಷ್ಟೋ ತಾಸು ಸೇರಿದವು. ಬೀಸುವ ಪದ ಹೋದವೆಂದು ಜಾನಪದ ವಿದ್ವಾಂಸರು ಮರುಗುತ್ತಾರೆ, ಸಂಗ್ರಹಿಸಿಟ್ಟದ್ದು ಪುಣ್ಯದ ಕೆಲಸವೇ. ಆದರೆ ಬೀಸಿದ ಅವ್ವಂದಿರು ಗಿರಣಿ ಬಂತೆಂದು ಮರುಗಲಿಲ್ಲ. ಸಾಮಾಜಿಕ ಇತಿಹಾಸ ಬರೆಯುವವರು ಅವರ ಆ ನೆಮ್ಮದಿಯನ್ನೂ ದಾಖಲಿಸಬೇಕು.

ನೀರಿನ ಕಥೆಯೂ ಹಾಗೆಯೇ. ಮೆಟ್ಟಿಲಿಳಿದು ಕಾಲು ತೊಳೆದು ಕೊಡ ತುಂಬುವ ಬಾವಿಗಳಿಂದ ನಾರುಹುಣ್ಣು ಹರಡುತ್ತಿತ್ತು. ಗಜದುದ್ದದ ಹುಳು ಕಾಲಿನಿಂದ ಹೊರಬರುವ ತನಕ ಬಿತ್ತನೆಯ ಹೊತ್ತಿನಲ್ಲೇ ದುಡಿಯುವವರು ಹಾಸಿಗೆ ಹಿಡಿಯುತ್ತಿದ್ದರು. ಈ ಪಿಡುಗು ಬೇರೂರಿದ್ದ ಕರ್ನಾಟಕದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಮೆಟ್ಟಿಲು ಬಾವಿಗಳನ್ನು ಸೇದುಬಾವಿ ಮಾಡುವುದು, ಕೊಳವೆಬಾವಿ ಹಾಕುವುದು, ಇಷ್ಟೇ ಮದ್ದು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು. ಯುದ್ಧ ಗೆದ್ದ ರಾಜರ ಹೆಸರು ನಮಗೆ ಗೊತ್ತು. ಊರೂರು ತಿರುಗಿ ಈ ಯುದ್ಧ ಗೆದ್ದ ಆರೋಗ್ಯ ಕಾರ್ಯಕರ್ತರು, ಮನೆಯಲ್ಲಿ ನೀರು ಸೋಸಿದ ತಾಯಂದಿರು ಯಾವ ಪುಸ್ತಕದಲ್ಲೂ ಇಲ್ಲ.

ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಅನಿಷ್ಟವನ್ನು 1982ರ ಕಾಯಿದೆ ನಿಷೇಧಿಸಿತು. ಕಾಯಿದೆಗೆ ಜೀವ ಬಂದದ್ದು ಆ ಬಾಳನ್ನು ಬಾಳಿದ ಹೆಣ್ಣುಮಕ್ಕಳೇ ಎದ್ದುನಿಂತು ತಮ್ಮ ಮಗಳಿಗೆ ಇದು ಬೇಡ ಎಂದಾಗ. ಮಾನ್ವಿ ತಾಲೂಕಿನ ಪೋತ್ನಾಳದಲ್ಲಿ 1999ರಲ್ಲಿ ದಲಿತ ಕೂಲಿ ಹೆಣ್ಣುಮಕ್ಕಳು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಕೂಲಿ, ಪಡಿತರ, ಮಕ್ಕಳ ಶಾಲೆ, ದೌರ್ಜನ್ಯಗಳ ಬಗ್ಗೆ ದನಿ ಎತ್ತಿತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಹೆಣ್ಣುಮಕ್ಕಳಲ್ಲಿ ರಾಯಚೂರು ಜಿಲ್ಲೆಯವರು ಬಹಳ ಮಂದಿ ಇದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಣದಿಂದ ದೂರದಲ್ಲಿ ಸೆರಗೊಡ್ಡಿ ನಿಂತವರ ಮೊಮ್ಮಕ್ಕಳು ರಾಜಧಾನಿಯ ರಸ್ತೆಯಲ್ಲಿ ಸರ್ಕಾರವನ್ನು ಪ್ರಶ್ನಿಸಿದರು. ಇಡೀ ಶತಮಾನದ ಸಾಮಾಜಿಕ ಬದಲಾವಣೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ಕೆಲಸ ಮುಗಿದಿಲ್ಲ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡ 75ರಷ್ಟಿದ್ದರೆ ರಾಯಚೂರು ಜಿಲ್ಲೆಯದು 59.56. ಜಿಲ್ಲೆಯ ಹೆಣ್ಣುಮಕ್ಕಳದು 48.73. ಅರ್ಧಕ್ಕೂ ಹೆಚ್ಚು ಅವ್ವಂದಿರು, ಅಕ್ಕಂದಿರು ತಮ್ಮ ಬದುಕನ್ನು ತಾವೇ ಬರೆದಿಡಲಾರರು. ಆದ್ದರಿಂದಲೇ ಓದಿದ ನಮ್ಮ ಮೇಲೆ ಹೊಣೆ ಹೆಚ್ಚು.

ಆಗಬೇಕಾದ ಕೆಲಸ

ಇಂಥ ದಾಖಲೆ ಕಾಪಾಡುವುದಕ್ಕೆ ಹೊರಗಿನ ಒಂದು ಉದಾಹರಣೆ ನೋಡೋಣ. ಅಮೆರಿಕದ ಮಧ್ಯಪಶ್ಚಿಮದ ಮಿನ್ನೆಸೋಟ 1858ರಲ್ಲಿ ರಾಜ್ಯವಾಯಿತು. ಅಲ್ಲಿನ ಇತಿಹಾಸ ಸಂಘ ಅದಕ್ಕೂ ಒಂಬತ್ತು ವರ್ಷ ಮೊದಲೇ, 1849ರಲ್ಲಿ ಹುಟ್ಟಿತ್ತು. ಆ ಸೀಮೆಯ ಸಾಮಾನ್ಯ ರೈತರ ಕಾಗದಪತ್ರ, ದಿನಚರಿ, ಫೋಟೋಗಳನ್ನು ಕೂಡಿಡುವ ಕೆಲಸ ಸಣ್ಣ ಊರುಗಳಲ್ಲೂ ನಡೆಯುತ್ತದೆ. ನಮ್ಮದು ಅಶೋಕನ ಕಾಲದಿಂದಲೇ ಬರಹ ಕಂಡ ನೆಲ. ಆದರೂ ನೂರು ವರ್ಷದ ಹಿಂದಿನ ಕೂಲಿಯ ದರ ಹುಡುಕಬೇಕಾದರೆ ಪರದಾಡುತ್ತೇವೆ.

ನಿಜಾಮರ ಕಾಲದ ನಮ್ಮ ಕಡತಗಳಲ್ಲಿ ಬಹುಪಾಲು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಉರ್ದು, ಫಾರ್ಸಿಯಲ್ಲಿ ಇವೆ. ಅವನ್ನು ಓದಬಲ್ಲ ಕನ್ನಡದ ಯುವ ಸಂಶೋಧಕರು ವಿರಳ. ರಾಯಚೂರಿನ ವಿಶ್ವವಿದ್ಯಾಲಯ ಇತಿಹಾಸದ ವಿದ್ಯಾರ್ಥಿಗಳಿಗೆ ಉರ್ದು ಲಿಪಿ ಕಲಿಸಲಿ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಬರುವ ಅನುದಾನದಲ್ಲಿ ಸಣ್ಣದೊಂದು ಪಾಲು ಆ ಕಡತಗಳ ನಕಲು ಮತ್ತು ಅನುವಾದಕ್ಕೆ ಸಿಗಲಿ. ಮಾನ್ವಿ, ದೇವದುರ್ಗದ ಪದವಿ ಕಾಲೇಜುಗಳು ತಮ್ಮ ತಾಲೂಕಿನ ಒಂದೊಂದು ಹಳ್ಳಿಯನ್ನು ಆರಿಸಿಕೊಂಡು ಅಲ್ಲಿನ ಬಾವಿ, ಗಿರಣಿ, ಶಾಲೆ, ಕೂಲಿ, ಗುಳೆಯ ಕಥೆಯನ್ನು ಬರೆಸಲಿ. ಕ್ಯಾಂಪಿನವರ ಮಾತನ್ನೂ ಹೊಲ ಮಾರಿದವರ ಮಾತನ್ನೂ ಒಂದೇ ಪುಸ್ತಕದಲ್ಲಿ ಅಚ್ಚು ಹಾಕಲಿ.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ನಿಮ್ಮ ಕೈಯಲ್ಲಿರುವ ಮೊಬೈಲು ಒಳ್ಳೆಯ ಧ್ವನಿಮುದ್ರಣ ಯಂತ್ರ. ಈ ರಜೆಯಲ್ಲಿ ಮನೆಯ ಹಿರಿಯರ ಎದುರು ಕೂತು ಕೇಳಿ: ನೀವು ಮೊದಲ ಕೂಲಿ ಎಷ್ಟು ಪಡೆದಿರಿ, 1972ರಲ್ಲಿ ಏನು ಉಂಡಿರಿ, ಕಾಲುವೆ ಬಂದಾಗ ನಮ್ಮ ಹೊಲ ಯಾರ ಹೆಸರಿನಲ್ಲಿತ್ತು, ಮೊದಲ ಸಲ ಗುಳೆ ಹೋದದ್ದು ಯಾವ ಊರಿಗೆ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ತಾರೀಖು ಹಾಕಿ, ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ನಮ್ಮ ಸೀಮೆಗೆ ಸಲ್ಲಬೇಕಾದ ಪಾಲನ್ನು ಕೇಳಲು ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇಲ್ಲ. ತಡಮಾಡಬೇಡಿ, ಇವತ್ತೇ ಶುರುಮಾಡಿ.